ಕೊಳೆನೀರಿನ ದೂರು: ಯಾರಿಗೆ, ಹೇಗೆ?

ಮನೆಯ ಮಕ್ಕಳಿಗೆ ವಾಂತಿಭೇದಿ ಶುರುವಾದರೆ ನಾವು ಮೊದಲು ಬೈಯುವುದು ಬೀದಿಬದಿಯ ತಿಂಡಿಯನ್ನು. ಒಳಚರಂಡಿಯ ಕೊಳೆನೀರು ಕುಡಿಯುವ ನೀರಿಗೆ ಸೇರಿರಬಹುದೆಂಬ ಸಂಶಯ ಬರುವುದು ಆಮೇಲೆ. ವಿಷಮಶೀತ ಜ್ವರ, ಕಾಮಾಲೆ ಕೂಡ ಇದೇ ದಾರಿಯಲ್ಲಿ ಬರುತ್ತವೆ. ಹೆಗ್ಗನಹಳ್ಳಿಯವರಿಗೆ ಇನ್ನೊಂದು ಚಿಂತೆಯೂ ಇದೆ. ಹತ್ತಿರದ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ, ಲೋಹಲೇಪನ ಘಟಕಗಳು ಬಳಸುವ ಕ್ರೋಮಿಯಂ ಪತ್ತೆಯಾಗಿದೆ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಕ್ರೋಮಿಯಂ ಮಾತ್ರ ಉಳಿದೇ ಇರುತ್ತದೆ.

ಇದನ್ನು ತಡೆಯಬೇಕಾದವರು ಯಾರು? 1974ರ ಜಲಮಾಲಿನ್ಯ ಕಾಯಿದೆ ಈ ಕಾವಲನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ವಹಿಸಿದೆ. ತಪ್ಪಿತಸ್ಥ ಕಾರ್ಖಾನೆಯನ್ನು ಅದು ಮುಚ್ಚಿಸಬಹುದು, ವಿದ್ಯುತ್ತು, ನೀರು ನಿಲ್ಲಿಸಬಹುದು. ಆದರೆ ಕೊಳೆನೀರು ಬಿಟ್ಟದ್ದು ಜಲಮಂಡಳಿಯೋ ಪಾಲಿಕೆಯೋ ಆದರೆ? ಶುದ್ಧೀಕರಣ ಘಟಕದ ಕರೆಂಟು ಕಿತ್ತರೆ ಹೊಲಸು ಇನ್ನಷ್ಟು ಹರಿಯುತ್ತದೆ! ಮೇಲಾಗಿ ಕಾವಲುಗಾರನೂ ಸರ್ಕಾರದವನೇ, ತಪ್ಪು ಮಾಡಿದವನೂ ಸರ್ಕಾರದವನೇ. ಅಣ್ಣನಿಗೆ ತಮ್ಮ ನೋಟಿಸು ಕೊಟ್ಟಂತೆ.

ಇಂಥಲ್ಲಿ ಹೊರಗಿನ ಕಣ್ಣು ಬೇಕು. 2010ರ ಕಾಯಿದೆಯಿಂದ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕೆಲಸ ಅದು. ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನೇ ನೋಡಿ. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಬಿದ್ದಾಗ ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ, ಆಗಿನ ಬಿಬಿಎಂಪಿಗೆ 25 ಕೋಟಿ ರೂಪಾಯಿ ಕಟ್ಟಲು ಆದೇಶಿಸಿತು. ಕೆರೆ ಕೆಲಸಕ್ಕೆಂದು 500 ಕೋಟಿ ಪ್ರತ್ಯೇಕವಾಗಿ ಇಡಬೇಕೆಂದಿತು. ಉಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಸಮಿತಿಯನ್ನು ನೇಮಿಸಿತು. ಆ ಹಣವೂ ನಮ್ಮ ತೆರಿಗೆಯದೇ ಎಂದು ನೀವು ಗೊಣಗಬಹುದು. ಗೊಣಗುವುದು ಸರಿಯೇ. ಅದಕ್ಕೇ ಇರಬೇಕು, ಇಲಾಖೆಯೊಂದು ನ್ಯಾಯಮಂಡಳಿಯ ಆದೇಶ ಪಾಲಿಸದಿದ್ದರೆ ಅದರ ಮುಖ್ಯಸ್ಥರನ್ನೇ ಅಪರಾಧಿಯೆಂದು ಪರಿಗಣಿಸಲು ಈ ಕಾಯಿದೆಯಲ್ಲಿ ಅವಕಾಶವಿದೆ.

ನಿಮ್ಮ ಬೀದಿಯ ಮೋರಿ ಉಕ್ಕುತ್ತಿದ್ದರೆ ಜಾಗ, ದಿನ, ಹೊತ್ತು ಬರೆದು, ಫೋಟೋ ಲಗತ್ತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ಸ್ವೀಕೃತಿ ಪಡೆಯಲು ಮರೆಯಬೇಡಿ. ಅನೇಕರು ತಾವೇ ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಕಾಯಿದೆ ಹೇಳುವುದು ಬೇರೆ: ಮಂಡಳಿಯ ಅಧಿಕಾರಿಯೇ ನೋಟಿಸು ಕೊಟ್ಟು, ನೀರು ಬಿಡುವವರ ಎದುರಿನಲ್ಲಿ ಮಾದರಿ ತೆಗೆದು, ಅದನ್ನು ಎರಡು ಭಾಗ ಮಾಡಿ ಮೊಹರು ಹಾಕಬೇಕು. ಆದ್ದರಿಂದ ಮಾದರಿ ತೆಗೆಯಲು ಬನ್ನಿ ಎಂದೇ ದೂರಿನಲ್ಲಿ ಬರೆಯಿರಿ. ಮಂಡಳಿ ಸುಮ್ಮನಿದ್ದರೆ 60 ದಿನದ ನೋಟಿಸು ಕೊಟ್ಟು ಯಾರು ಬೇಕಾದರೂ ನ್ಯಾಯಾಲಯಕ್ಕೆ ಹೋಗಬಹುದು. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ.

ಅಷ್ಟರಲ್ಲಿ ನಿಮ್ಮ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ವರದಿ ಕೈಸೇರುವವರೆಗೆ ಆ ನೀರು ಶೌಚಕ್ಕೆ, ನೆಲ ತೊಳೆಯಲು ಇರಲಿ. ಕುಡಿಯಲು, ಅಡುಗೆಗೆ ಬೇಡ.