ಆಯ್ಲರನ ಅವಿಭಾಜ್ಯ

1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, 1ಕ್ಕಿಂತ ದೊಡ್ಡದಾದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 7, 31, 127 ಇಂಥವು. ಚಿಕ್ಕ ಸಂಖ್ಯೆಗಳನ್ನು ಪರೀಕ್ಷಿಸುವುದು ಸುಲಭ. ಆದರೆ 2,14,74,83,647 ಎಂಬುದು ಅವಿಭಾಜ್ಯವೇ ಎಂದು ಯಾರಾದರೂ ಕೇಳಿದರೆ ಉತ್ತರಿಸುವ ಬಗೆ ಹೇಗೆ?

2ರ 31ನೆಯ ಘಾತದಿಂದ 1ನ್ನು ಕಳೆದರೆ ಈ ಸಂಖ್ಯೆ ದೊರೆಯುತ್ತದೆ. ಫ್ರಾನ್ಸಿನ ಪಾದ್ರಿ ಮರ್ಸೆನ್ನನು 1644ರಲ್ಲಿ ಈ ಬಗೆಯ ಅವಿಭಾಜ್ಯಗಳ ಪಟ್ಟಿಯೊಂದನ್ನು ಪ್ರಕಟಿಸಿ, ಅದರಲ್ಲಿ ಇದನ್ನೂ ಸೇರಿಸಿದನು. ಸಾಧನೆಯನ್ನು ಮಾತ್ರ ಕೊಡಲಿಲ್ಲ. ಆ ಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತಿರಲಿಲ್ಲ. ಅದರಲ್ಲಿದ್ದ 67 ಮತ್ತು 257ನೆಯ ಘಾತಗಳು ತಪ್ಪೆಂದು ಮುಂದೆ ತಿಳಿದುಬಂದಿತು. ಘಾತಸೂಚಿ ಅವಿಭಾಜ್ಯವಾದ ಮಾತ್ರಕ್ಕೆ ಫಲವೂ ಅವಿಭಾಜ್ಯವಾಗಬೇಕೆಂದಿಲ್ಲ. 2ರ 11ನೆಯ ಘಾತದಿಂದ 1ನ್ನು ಕಳೆದಾಗ ಬರುವ 2,047 ಎಂಬುದು 23 ಮತ್ತು 89ರ ಗುಣಲಬ್ಧ.

31ನೆಯ ಘಾತದ ವಿಷಯದಲ್ಲಿ ಸಂದೇಹವನ್ನು ನಿವಾರಿಸಿದವನು ಲಿಯೊನಾರ್ಡ್ ಆಯ್ಲರ್. 1772ರ ವೇಳೆಗೆ ಆತನು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿದ್ದನು. ದೃಷ್ಟಿ ಬಹುಮಟ್ಟಿಗೆ ನಷ್ಟವಾಗಿತ್ತು. ಸಂಯುಕ್ತ ಸಂಖ್ಯೆಗೆ ತನ್ನ ವರ್ಗಮೂಲವನ್ನು ಮೀರದ ಅವಿಭಾಜ್ಯ ಭಾಜಕವೊಂದು ಇರಲೇಬೇಕು. ಈ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅದರೊಳಗೆ 4,792 ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಭಾಗಿಸುತ್ತ ಹೋಗುವುದೆಂದರೆ ಕಣ್ಣಿದ್ದವನಿಗೂ ಬೇಸರದ ಕೆಲಸ.

23 ಮತ್ತು 89ನ್ನು ಮತ್ತೊಮ್ಮೆ ನೋಡಿರಿ. ಎರಡನ್ನೂ 22ರಿಂದ, ಅಂದರೆ 11ರ ಇಮ್ಮಡಿಯಿಂದ, ಭಾಗಿಸಿದರೆ 1 ಉಳಿಯುತ್ತದೆ. ಇದು ಆಕಸ್ಮಿಕವಲ್ಲ, ಫರ್ಮಾ ಎಂಬ ಗಣಿತಜ್ಞನು 1640ರಲ್ಲಿಯೇ ಕಂಡುಕೊಂಡಿದ್ದ ನಿಯಮ. ಅದರಂತೆ ನಮ್ಮ ಸಂಖ್ಯೆಯ ಅವಿಭಾಜ್ಯ ಭಾಜಕವನ್ನು 62ರಿಂದ ಭಾಗಿಸಿದಾಗ 1 ಉಳಿಯಬೇಕು. ಇನ್ನೊಂದು ನಿಯಮದಂತೆ 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡನ್ನೂ ಕೂಡಿಸಿದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಬೇಕು. ಅಂಥ ಸಂಖ್ಯೆಗಳು ವರ್ಗಮೂಲದೊಳಗೆ ಸುಮಾರು 370 ಮಾತ್ರ. ಅವುಗಳಲ್ಲಿಯೂ 63, 249 ಮೊದಲಾದ ಹಲವು ಸಂಯುಕ್ತಗಳು. ಮೊದಲು ಸಿಗುವ ಅವಿಭಾಜ್ಯ 311. ಅದರ ಮುಂದಿನದು 1,303. ಹೀಗೆ ಉಳಿದವುಗಳಲ್ಲಿ ಒಂದೂ ನಿಶ್ಶೇಷವಾಗಿ ಭಾಗಿಸಲಿಲ್ಲ. ಸಂಖ್ಯೆ ಅವಿಭಾಜ್ಯವೆಂದು ಸಿದ್ಧವಾಯಿತು.

ಇದರಿಂದ ಹುಟ್ಟುವ ಸಂಖ್ಯೆಯೊಂದನ್ನು ಕುರಿತು ಬರೆಯುತ್ತ ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ, ಇಂತಹವು ಕುತೂಹಲಕ್ಕಷ್ಟೇ ಹೊರತು ಉಪಯೋಗಕ್ಕಲ್ಲವಾದುದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರೆಂದನು. ಕುತೂಹಲದ ಬಲವನ್ನು ಆತನು ಅರಿಯದೆ ಹೋದನು. 1876ರಲ್ಲಿ ಫ್ರಾನ್ಸಿನ ಲೂಕಾಸನು 2ರ 127ನೆಯ ಘಾತದಿಂದ 1ನ್ನು ಕಳೆದಾಗ ಬರುವ 39 ಅಂಕಿಗಳ ಸಂಖ್ಯೆಯನ್ನು ಅವಿಭಾಜ್ಯವೆಂದು ತೋರಿಸಿದನು. ಆತನು ಭಾಜಕಗಳನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. 3, 7, 47 ಎಂದು, ಪ್ರತಿ ಪದದ ವರ್ಗದಿಂದ 2ನ್ನು ಕಳೆಯುತ್ತ ಸಾಗುವ ಸಾಲಿನ 126ನೆಯ ಪದವು ಆ ಸಂಖ್ಯೆಯಿಂದ ಭಾಗವಾಗುವುದೇ ಎಂದಷ್ಟೇ ನೋಡಿದನು. 7ನೆಯ ಘಾತದಿಂದ ಬರುವ 127ಕ್ಕೆ ಈ ಪರೀಕ್ಷೆಯನ್ನು ವಿದ್ಯಾರ್ಥಿಗಳೇ ಮಾಡಬಹುದು. ಅಲ್ಲಿ ನೋಡಬೇಕಾದುದು 6ನೆಯ ಪದ. 1951ರವರೆಗೆ ಲೂಕಾಸನ ಸಂಖ್ಯೆಯೇ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು. ಅನಂತರ ಈ ಕೆಲಸ ಗಣಕಯಂತ್ರಗಳ ಪಾಲಾಯಿತು. 2024ರಲ್ಲಿ ಅವು ಕಂಡುಹಿಡಿದ ಮರ್ಸೆನ್ನನ ಬಗೆಯ ಅವಿಭಾಜ್ಯವೊಂದರಲ್ಲಿ 4,10,24,320 ಅಂಕಿಗಳಿವೆ.