ದುಂಡು ತೊಟ್ಟಿಗೆ ತಿರುಪಿನ ಅಚ್ಚು

ದೊಡವಾಡದ ಎರೆಹೊಲಗಳಲ್ಲಿ ದನಕರುಗಳಿಗಾಗಿ ನೀರಿನ ತೊಟ್ಟಿಯನ್ನು ಕಟ್ಟಿಸಬೇಕೆಂಬ ರೈತನು ಚೌಕವನ್ನು ಬಿಟ್ಟು ವರ್ತುಲಾಕಾರವನ್ನೇ ಆಯ್ದುಕೊಳ್ಳುವುದು ಲೇಸು. ಏಕೆಂದರೆ ಚೌಕದ ಮೂಲೆಗಳಲ್ಲಿ ಬಿರುಕು ಮೂಡಿಸುವ ನೀರಿನ ಒತ್ತಡವು ದುಂಡು ಗೋಡೆಯ ಸುತ್ತಲೂ ಸಮನಾಗಿ ಹಂಚಿಹೋಗುವುದು. ಕಾಳು ತುಂಬಿಡುವ ನೆಲದೊಳಗಿನ ಹಗೇವನ್ನು ದುಂಡಗೆ ತೋಡಿದ ನಮ್ಮ ಹಿರಿಯರಿಗೆ ಮಣ್ಣಿನ ಒತ್ತಡದ ಈ ಮರ್ಮವು ತಿಳಿದೇ ಇದ್ದಿತು. ಗೌಂಡಿಗಳು ಹಿಂಜರಿಯುವುದು ಕಾಂಕ್ರೀಟ್ ಸುರಿಯಲು ಕಟ್ಟುವ ಸೆಂಟ್ರಿಂಗಿಗೆ ಮಾತ್ರ. ಹಲಗೆಗಳನ್ನು ಸೀಳಿ ಬಾಗಿಸಿ ಮೊಳೆ ಹೊಡೆದರೆ ಅವು ಮತ್ತೊಂದು ಕೆಲಸಕ್ಕೆ ಬಾರವು. ಇದಕ್ಕೆ ಪರಿಹಾರವೇ ತಿರುಪಿನ ಅಚ್ಚು.

ಎರಡು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡಿನ ಬೆನ್ನಿಗೆ ಗೇಣಿಗೊಂದರಂತೆ ನಿಲುವು ಪಟ್ಟಿಗಳನ್ನು ಬೆಸೆದು, ಪಕ್ಕಪಕ್ಕದ ಪಟ್ಟಿಗಳ ಹಿಂದಂಚುಗಳ ನಡುವೆ ಎರಡು ತುದಿಗಳಲ್ಲಿಯೂ ವಿರುದ್ಧ ಮರೆಗಳಿರುವ ತಿರುಪುಗಳನ್ನು ಜೋಡಿಸಬೇಕು. ಗೋಡೆಯ ಎರಡು ಮೈಗಳಿಗೂ ಒಂದೊಂದು ಅಚ್ಚು ಬೇಕು; ಒಳಗಿನ ಅಚ್ಚಿನಲ್ಲಿ ತಿರುಪನ್ನು ಗಿಡ್ಡಗೊಳಿಸಿದಷ್ಟೂ, ಹೊರಗಿನದರಲ್ಲಿ ಉದ್ದಗೊಳಿಸಿದಷ್ಟೂ ಬಾಗು ಹೆಚ್ಚುವುದು.

ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವ ಸ್ವಭಾವದ್ದಾದುದರಿಂದ ಅದನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಗೋಡೆಯ ಸರಳುಗಳು ಮೇಲೆ ನಿಲ್ಲುವಂತೆ ತಳವನ್ನು ಮೊದಲು ಹಾಕತಕ್ಕದ್ದು. ಸರಳುಗಳ ಲೆಕ್ಕವನ್ನು ಎಂಜಿನಿಯರರಿಂದಲೇ ಪಡೆಯಬೇಕು.

ಒಳವ್ಯಾಸ 3 ಮೀಟರ್, ನೀರಿನ ಆಳ 1.2 ಮೀಟರ್ ಆದರೆ ಸುಮಾರು 8,480 ಲೀಟರ್ ನೀರು ನಿಲ್ಲುವುದು. ಬಾಗನ್ನು ಪರೀಕ್ಷಿಸಲು ಒಂದು ಮೀಟರ್ ಉದ್ದದ ಹಲಗೆಯಲ್ಲಿ ನಡುವೆ 8.6 ಸೆಂ.ಮೀ. ಆಳವಿರುವ ಕಮಾನನ್ನು ಕೊಯ್ದು ಒಳ ಅಚ್ಚಿನ ಮೈಗೆ ಹಿಡಿಯಿರಿ. ಎಲ್ಲಿಯೂ ಬೆಳಕು ನುಸುಳದಿದ್ದರೆ ಅಚ್ಚು ಸರಿಯಾಗಿದೆ. 4 ಮೀಟರ್ ವ್ಯಾಸಕ್ಕೆ ಆ ಆಳವು 6.4 ಸೆಂ.ಮೀ. ಮಾತ್ರ. ಗೋಡೆಯ ದಪ್ಪ 15 ಸೆಂ.ಮೀ. ಇದ್ದರೆ ಹೊರ ಸುತ್ತಳತೆಯು ಒಳ ಸುತ್ತಳತೆಗಿಂತ 94 ಸೆಂ.ಮೀ. ಹೆಚ್ಚು. ತೊಟ್ಟಿ ಎಷ್ಟೇ ದೊಡ್ಡದಾಗಲಿ, ಈ ಅಂತರವು ಬದಲಾಗದೆಂಬುದು ಗಣಿತದ ಸೊಗಸು. ಅಷ್ಟು ಉದ್ದದ ತುಂಡು ತಗಡನ್ನು ಹೊರ ಅಚ್ಚಿಗೆ ಸೇರಿಸಿದರಾಯಿತು.

ಒಳ ಅಚ್ಚಿನಲ್ಲಿ ಬೆಣೆಯಾಕಾರದ ಕಿರುತುಂಡೊಂದು ಇರಲೇಬೇಕು. ಅದನ್ನು ಮರೆತ ಒಂದು ಕಡೆ, ಗಟ್ಟಿಯಾದ ಗೋಡೆಯೊಳಗೆ ಸಿಕ್ಕಿಕೊಂಡ ಅಚ್ಚನ್ನು ಕೊಯ್ದೇ ತೆಗೆಯಬೇಕಾದುದನ್ನು ನಾನು ಕಣ್ಣಾರೆ ಕಂಡು ಮರುಗಿದ್ದೇನೆ. ಹೊರ ಅಚ್ಚಿಗೆ, ಗಾಲಿಗೆ ಹಳಿ ಹಾಕಿದಂತೆ, ಪಟ್ಟಿಗಳನ್ನು ಸುತ್ತಿ ಬೋಲ್ಟಿನಿಂದ ಬಿಗಿಯಿರಿ. ಒತ್ತಡವು ಹೆಚ್ಚಾಗಿರುವ ಬುಡದಲ್ಲಿ ಅವು ಹತ್ತಿರಹತ್ತಿರವಿರಲಿ.

ತಗಡಿಗೆ ಎಣ್ಣೆ ಸವರಿ, ಕಾಂಕ್ರೀಟನ್ನು ಒಂದೇ ಕಡೆ ಸುರಿಯದೆ, ಅಡಿಯಷ್ಟು ಎತ್ತರದ ಪದರಗಳಲ್ಲಿ ಸುತ್ತಲೂ ಹಾಕುತ್ತ ಬನ್ನಿ. ಇಲ್ಲವಾದರೆ ಅಚ್ಚು ಒಂದು ಬದಿಗೆ ಸರಿಯುವುದು. ನಿಲುವು ಅಚ್ಚನ್ನು 16ರಿಂದ 24 ಗಂಟೆಗಳ ಮೇಲೆ ಬಿಚ್ಚಬಹುದೆಂದು 2000ದ ಭಾರತೀಯ ಮಾನಕ 456 ತಿಳಿಸುತ್ತದೆ. ಮೊದಲು ಬೆಣೆ, ಆಮೇಲೆ ಉಳಿದ ತಗಡುಗಳು. ನಮ್ಮ ಬಿಸಿಲಿಗೆ ಹತ್ತು ದಿನಗಳವರೆಗಾದರೂ ಗೋಣಿತಾಟು ಸುತ್ತಿ ನೀರುಣಿಸತಕ್ಕದ್ದು.

ಬಿಚ್ಚಿದ ತಗಡುಗಳನ್ನು ಅಂದೇ ಕೆರೆದು ತೊಳೆದು, ತಿರುಪುಗಳಿಗೆ ಎಣ್ಣೆ ಹಾಕಿ, ಈ ವ್ಯಾಸಕ್ಕೆ ಅವು ನಿಂತ ಅಳತೆಯನ್ನು ಪಟ್ಟಿಯ ಮೇಲೆ ಬಣ್ಣದಿಂದ ಬರೆದಿಡಿ; ನೆರೆಹೊಲದವರು ಅಚ್ಚನ್ನು ಕೇಳಲು ಬಂದಾಗ ಅಳತೆಯನ್ನೂ ಒಯ್ಯುವರು.