ಹಾಸುಗಲ್ಲಿಗೆ ಮುನ್ನ

ಕಾಣಿಯೂರಿನ ಕಡೆ ಸೆಗಣಿ ಸಾರಿಸಿದ ನೆಲಗಳು ಕಡಿಮೆಯಾಗಿ, ಕಾಂಕ್ರೀಟಿನ ಮೇಲೆ ಕಲ್ಲು ಹಾಸುವುದು ಹೆಚ್ಚಿದೆ. ವರ್ಷದ ಅಡಿಕೆಯ ದುಡ್ಡನ್ನೇ ಅದಕ್ಕೆ ಸುರಿಯುವವರೂ ಉಂಟು. ಅವರ ದೃಷ್ಟಿಯೆಲ್ಲ ಕಲ್ಲಿನ ಹೊಳಪಿನ ಮೇಲೆ. ಕಲ್ಲು ಕಿತ್ತೇಳುವುದಾದರೋ ಬಹುಮಟ್ಟಿಗೆ ಅಡಿಯ ನೆಲದ ದೋಷದಿಂದ. ಕಾಂಕ್ರೀಟು ನುಣುಪಾದಷ್ಟೂ ಗಾರೆಗೆ ಹಿಡಿತ ಕಡಿಮೆ. ಆದುದರಿಂದ ಮೇಲೆ ಕಟ್ಟಿದ ಸಿಮೆಂಟಿನ ತೆಳುಪೊರೆಯನ್ನು ಉಳಿಯಿಂದ ಕೆತ್ತಿ ಒರಟು ಮಾಡಬೇಕು. ಎಣ್ಣೆ, ಬಣ್ಣ, ಧೂಳು ಉಳಿಯಬಾರದು. ಹೊಸ ಕಾಂಕ್ರೀಟಿಗೆ 28 ದಿನವಾದರೂ ಬಿಡುವು ಬೇಕು. (ಗೃಹಪ್ರವೇಶದ ಮುಹೂರ್ತ ಅಷ್ಟು ಕಾಯಬೇಕಲ್ಲ!) ನಮ್ಮ ಮಳೆಗಾಲದಲ್ಲಿ ನೆಲದಿಂದ ತೇವ ಏರುವುದೂ ಸಹಜ. ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚು ಅಂಟಿಸಿ, ಒಂದು ಹಗಲು ಒಂದಿರುಳು ಬಿಟ್ಟರೆ ಅಡಿಯಲ್ಲಿ ಹನಿ ಕಟ್ಟಿ ಅದು ತಿಳಿಯುತ್ತದೆ. ಮೊದಲು ಅದನ್ನು ತಡೆಯಬೇಕು. ಬಳಿಕ ನೆಲ ನೆನೆಸಿ, ನಿಂತ ನೀರನ್ನು ಒರಸಿ, ಸಿಮೆಂಟಿನ ತಿಳಿ ಬಳಿದು, ಅದು ಒಣಗುವ ಮೊದಲೇ ಗಾರೆ ಹರಡಬೇಕು.